ಡಿಜಿಟಲ್ ವಾಚಿನ ಕಿವಿ ಹಿಂಡುವುದು

ತಿಂಗಳಿಗೆ 30 ಸೆಕೆಂಡು ಹಿಂದೆ ಅಥವಾ ಮುಂದೆ. 1989ರಲ್ಲಿ ಬಂದು ಇಂದಿಗೂ ಮಾರಾಟವಾಗುತ್ತಿರುವ ಕ್ಯಾಸಿಯೊ ಎಫ್-91ಡಬ್ಲ್ಯೂ ವಾಚಿಗೆ ಕಂಪನಿಯೇ ಕೊಟ್ಟಿರುವ ರಿಯಾಯಿತಿ ಇದು. ಬಸ್ಸು ಹಿಡಿಯುವವರಿಗೆ ಧಾರಾಳವಾಯಿತು. ಆದರೆ ಸೆಕೆಂಡು ಸೆಕೆಂಡಿಗೂ ಲೆಕ್ಕ ಕೇಳುವ ಜನರೂ ಇದ್ದಾರೆ. ಹಳೆಯ ಎಷ್ಟೋ ಡಿಜಿಟಲ್ ವಾಚುಗಳ ಒಳಗೆ ಅಂಥವರ ಕೈಗೆಟಕುವ ಒಂದು ಪುಟ್ಟ ತಿರುಪು ಇರುತ್ತಿತ್ತು. ಅದರ ಹೆಸರು ಟ್ರಿಮ್ಮರ್.

ವಾಚಿನ ಜೀವ ಇರುವುದು ಶ್ರುತಿಕವೆಯ ಆಕಾರದ ಕ್ವಾರ್ಟ್ಜ್ ಹರಳಿನಲ್ಲಿ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ವಾಚಿನ ಎಲೆಕ್ಟ್ರಾನಿಕ್ ಚಿಪ್ಪು ಮಾಡುವುದೂ ಅದನ್ನೇ. ಕಂಪನದಲ್ಲಿ ಹತ್ತು ಲಕ್ಷಕ್ಕೆ ಒಂದು ಏರುಪೇರಾದರೂ ತಿಂಗಳಿಗೆ ಸುಮಾರು 2.6 ಸೆಕೆಂಡು ಎಡವಟ್ಟು. ಟ್ರಿಮ್ಮರ್ ಎಂಬುದು ಹರಳಿಗೆ ಜೋಡಿಸಿದ ಸಣ್ಣ ಕೆಪಾಸಿಟರ್. ಅದರ ಧಾರಣಶಕ್ತಿ ಹೆಚ್ಚಿಸಿದರೆ ವಾಚು ನಿಧಾನ, ತಗ್ಗಿಸಿದರೆ ಚುರುಕು.

ಹರಳಿಗೆ ಇನ್ನೊಂದು ಚಾಳಿಯಿದೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದರ ಓಟ ಅತಿ ವೇಗ. ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಕಲಬುರಗಿಯ ಬೇಸಿಗೆಯಂತೆ 40 ಡಿಗ್ರಿಯಲ್ಲೇ ಇಟ್ಟರೆ ದಿನಕ್ಕೆ ಮುಕ್ಕಾಲು ಸೆಕೆಂಡಿನ ಹತ್ತಿರ ಹಿಂದೆ ಬೀಳುತ್ತದೆ. ಕೈಗೆ ಕಟ್ಟಿದ ವಾಚಿಗೆ ಮೈಯ ಬಿಸುಪು ಸಿಗುತ್ತದೆ, ಕಪಾಟಿನ ವಾಚಿಗೆ ಕೋಣೆಯದು. ಹಾಗಾಗಿ ದಿನಾ ಕಟ್ಟುವ ವಾಚನ್ನು ಕಟ್ಟಿಕೊಂಡೇ ಅಳೆಯಬೇಕು, ಮೇಜಿನ ಮೇಲಿಟ್ಟಲ್ಲ.

ಈ ಕಸುಬಿನಲ್ಲಿ ತಿರುಪು ತಿರುಗಿಸುವುದು ಕೊನೆಯ ಕೆಲಸ. ಅಂಗಡಿಯವರು ಪರೀಕ್ಷಾ ಯಂತ್ರದಲ್ಲಿಟ್ಟು ಕ್ಷಣದಲ್ಲಿ ವೇಗ ತಿಳಿಯುತ್ತಾರೆ. ಮನೆಯಲ್ಲಿ ಮಾಡುವವರಿಗೆ ತಾಳ್ಮೆಯೇ ಯಂತ್ರ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಪರಮಾಣು ಗಡಿಯಾರಗಳಿಂದ ಕಾಯುವ ಭಾರತೀಯ ಕಾಲಮಾನಕ್ಕೆ ವಾಚನ್ನು ಹೊಂದಿಸಿ, ಎರಡು ಮೂರು ವಾರ ಸುಮ್ಮನೆ ಬಿಟ್ಟು, ಎಷ್ಟು ಸರಿಯಿತೆಂದು ಬರೆದಿಡಬೇಕು. ಕ್ವಾರ್ಟ್ಜ್ ವಾಚು ಮನಬಂದಂತೆ ತಪ್ಪುವುದಿಲ್ಲ, ದಿನವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ತಿದ್ದಲು ಬರುವುದು ಅದಕ್ಕೇ.

ತಿರುಪಿನ ಈಗಿನ ಸ್ಥಾನಕ್ಕೆ ಮೊದಲು ಗುರುತು ಹಾಕಿಕೊಳ್ಳಿ ಅಥವಾ ಫೋಟೊ ತೆಗೆದಿಡಿ. ಸಾಮಾನ್ಯವಾಗಿ ಅರ್ಧ ಸುತ್ತಿಗೇ ಅದರ ವ್ಯಾಪ್ತಿ ಮುಗಿಯುತ್ತದೆ. ಅದನ್ನೂ ದಾಟಿ ತಿರುಗಿಸುತ್ತಲೇ ಹೋದರೆ ಚುರುಕಾಗುತ್ತಿದ್ದ ವಾಚು ಮತ್ತೆ ನಿಧಾನವಾಗತೊಡಗುತ್ತದೆ, ತಿರುಗಿಸುವವರ ತಲೆ ಕೆಡುತ್ತದೆ. ಕೂದಲೆಳೆಯಷ್ಟು ಸರಿಸಿ, ಮತ್ತೆ ವಾರಗಟ್ಟಲೆ ಕಾಯಿರಿ. ಪ್ಲಾಸ್ಟಿಕ್ ತುದಿಯ ಸ್ಕ್ರೂಡ್ರೈವರ್ ವಾಸಿ. ಲೋಹದ್ದು ತಾಗಿದಾಗ ಅಳತೆಯೇ ಬದಲಾಗುತ್ತದೆ.

ಈಗಿನ ವಾಚುಗಳಲ್ಲಿ ಈ ತಿರುಪು ಅಪರೂಪ. ಅನೇಕ ತಯಾರಕರು ಹರಳನ್ನು ಬೇಕೆಂದೇ ತುಸು ಚುರುಕಾಗಿಟ್ಟು, ಆಗಾಗ ಕೆಲವು ಮಿಡಿತಗಳನ್ನು ಎಣಿಸದೆ ಬಿಡುವಂತೆ ಚಿಪ್ಪಿಗೆ ಕಾರ್ಖಾನೆಯಲ್ಲೇ ಹೇಳಿಬಿಡುತ್ತಾರೆ. ಅಗ್ಗ, ನಿಖರ, ಒಪ್ಪಿದೆ. ಆದರೆ ವಾಚು ಕಟ್ಟುವವನಿಗೆ ಅದರ ಮೇಲಿದ್ದ ಹಿಡಿತವೂ ತಿರುಪಿನೊಂದಿಗೇ ಹೋಯಿತು.

ನಿಮ್ಮ ಹಳೆಯ ವಾಚಿನಲ್ಲಿ ಟ್ರಿಮ್ಮರ್ ಇದ್ದು ಕೈಹಾಕುವುದಾದರೆ, ಹಿಂಬದಿ ಮುಚ್ಚುವ ಮುನ್ನ ರಬ್ಬರ್ ಉಂಗುರ ಅದರ ಜಾಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಕೂರದಿದ್ದರೆ ಮೊದಲ ಮಳೆಗೇ ನೀರು ಒಳಗಿಳಿಯುತ್ತದೆ.