ಹಳೆಯ ಬಂಗಲೆಯ ಗೋಡೆಯನ್ನು ತೆಗೆಯುವ ಮುನ್ನ

‘ಬಂಗಲೆ’ ಎಂಬ ಮಾತು ಬಂಗಾಳದಿಂದ ಬಂದುದು. ಅಲ್ಲಿನ ಹಳ್ಳಿಗಳ ಹುಲ್ಲುಮಾಡಿನ, ಸುತ್ತ ಜಗುಲಿಯಿದ್ದ ಮನೆಗಳನ್ನು ಕಂಡ ಇಂಗ್ಲಿಷರು ಆ ವಿನ್ಯಾಸವನ್ನು ತಮ್ಮ ವಾಸಕ್ಕೆ ಒಗ್ಗಿಸಿಕೊಂಡರು. 1809ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶವು ಸ್ಥಾಪಿತವಾದ ಮೇಲೆ ಬಂಗಲೆ ಇಲ್ಲಿಗೂ ಬಂದಿತು. 1898ರ ಪ್ಲೇಗಿನ ಅನಂತರ ಮಲ್ಲೇಶ್ವರ, ಬಸವನಗುಡಿಗಳು ಬೆಳೆದಂತೆ ನಮ್ಮವರೂ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಮುಂದೆ ಮಂಕಿ ಟಾಪ್ ಎಂಬ ಮರದ ಚೂಪು ಮರೆ, ಒಳಗೆ ಎತ್ತರದ ಹಾಲು, ದೇವರ ಮನೆ, ಉಗ್ರಾಣ, ಹಿತ್ತಲ ಕಡೆಗೆ ಅಡುಗೆಮನೆ, ಅದರಿಂದಾಚೆಗೆ ಬಚ್ಚಲು. ಇಂತಹ ಮನೆಗಳಲ್ಲಿ ಉಳಿದಿರುವುವು ಇಂದು ಕೆಲವೇ. ಉಳಿದವನ್ನು ಈ ಕಾಲದ ಬಾಳಿಗೆ ಹೊಂದಿಸಿಕೊಳ್ಳುವುದು ಹೇಗೆ? ಇದು ಶಿಲ್ಪಿಗಳ ಪ್ರಶ್ನೆಯೆಂದು ನಾವೂ ಬಹುಕಾಲ ಭಾವಿಸಿದ್ದೆವು. ಅದು ಭೌತಶಾಸ್ತ್ರದ ಪ್ರಶ್ನೆಯೂ ಹೌದೆಂದು ನಮ್ಮ ಮನೆಯೇ ನಮಗೆ ಕಲಿಸಿತು.

ನಮ್ಮದು ತಾತನ ಕಾಲದ ಮನೆ. ಬಚ್ಚಲಿಗೆ ಹೋಗಬೇಕಾದರೆ ತೆರೆದ ಅಂಗಳವನ್ನು ದಾಟಬೇಕು. ಮಳೆಗಾಲದ ಒಂದು ರಾತ್ರಿ ನಮ್ಮ ತಾಯಿಯವರು ಆ ಅಂಗಳದಲ್ಲಿ ಜಾರಿ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದರು. ಮನೆಯನ್ನು ಕೆಡವಿ ಹೊಸದು ಕಟ್ಟಿಸಿರೆಂದು ಬಂಧುಗಳು ಹೇಳಿದರು. “ನಾನಿರುವವರೆಗೆ ಇದು ಇರಲಿ, ಮಗು” ಎಂದರು ತಾಯಿಯವರು. ಆದುದರಿಂದ ಅವರ ಕೋಣೆಗೆ ಅಂಟಿಕೊಂಡ ಉಗ್ರಾಣವನ್ನೇ ಬಚ್ಚಲಾಗಿ ಮಾಡುವುದು, ಅವರು ಮಲಗಿದಲ್ಲಿಂದಲೇ ಮನೆಮಂದಿಯನ್ನು ಕಾಣುವಂತೆ ಹಾಲಿಗೂ ಊಟದ ಮನೆಗೂ ನಡುವಣ ಗೋಡೆಯನ್ನು ತೆಗೆಯುವುದು ಎಂದು ನಿಶ್ಚಯಿಸಿದೆವು.

ಮೊದಲು ಬಂದ ಗುತ್ತಿಗೆದಾರರು ಗೋಡೆಯನ್ನು ಮುಷ್ಟಿಯಿಂದ ಗುದ್ದಿ ನೋಡಿ, “ಇದು ಬರಿಯ ಮರೆಗೋಡೆ, ಸಾರ್. ಎರಡು ದಿವಸದಲ್ಲಿ ತೆಗೆದುಬಿಡುತ್ತೇವೆ” ಎಂದರು. ಕಾಲೇಜಿನಲ್ಲಿ ಬಲಗಳ ಸಮತೋಲವನ್ನು ಪಾಠ ಹೇಳುವ ನಾವು ತಲೆಯಾಡಿಸಿದೆವೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ತಡೆದವರು ಸುಣ್ಣದ ಗಾರೆಯ ಕೆಲಸ ಬಲ್ಲ ಒಬ್ಬ ಮುದಿ ಮೇಸ್ತ್ರಿ. ಹಾಲಿನ ಮಾಳಿಗೆಗೆ ಹಿಂದೆಂದೋ ಹಲಗೆ ಹೊದಿಸಿದ್ದರು. ಅವರು ಏಣಿ ಹತ್ತಿ ಒಂದು ಹಲಗೆಯನ್ನು ಕಿತ್ತು, “ನೀವೇ ಬಂದು ನೋಡಿ, ಸಾರ್” ಎಂದರು. ಹಾಲಿನ ಜಂತೆಗಳ ತುದಿಗಳೂ ಊಟದ ಮನೆಯ ಜಂತೆಗಳ ತುದಿಗಳೂ ಅದೇ ಗೋಡೆಯ ಮೇಲೆ ಕುಳಿತಿದ್ದುವು.

ನಮ್ಮದು ಮದರಾಸು ತಾರಸಿ. ತೇಗದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಕೂಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಬೆರೆತ ಸುಣ್ಣದ ಕಾಂಕ್ರೀಟು, ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಒಟ್ಟು ದಪ್ಪ ಸುಮಾರು 20 ಸೆಂಟಿಮೀಟರು, ಅಂದರೆ ಚದರ ಮೀಟರಿಗೆ ಸುಮಾರು 380 ಕಿಲೋಗ್ರಾಂ ತೂಕ. ಎರಡು ಕೋಣೆಗಳ ಅಗಲವೂ ನಾಲ್ಕು ನಾಲ್ಕು ಮೀಟರು. ಪ್ರತಿಯೊಂದು ಜಂತೆಯೂ ತನ್ನ ಭಾರದ ಅರ್ಧವನ್ನು ಒಂದು ತುದಿಯ ಗೋಡೆಗೂ ಉಳಿದರ್ಧವನ್ನು ಇನ್ನೊಂದಕ್ಕೂ ಒಪ್ಪಿಸುವುದರಿಂದ, ನಡುಗೋಡೆಗೆ ಎರಡು ಕಡೆಯಿಂದಲೂ ಎರಡೆರಡು ಮೀಟರು ಅಗಲದ ತಾರಸಿಯ ಪಾಲು ಬರುತ್ತದೆ. ಹಾಗಾದರೆ ಆ ಗೋಡೆಯ ಒಂದೊಂದು ಮೀಟರು ಉದ್ದವೂ ಹೊತ್ತಿದ್ದುದು ಸುಮಾರು ಒಂದೂವರೆ ಟನ್ನು. ಮುಷ್ಟಿಯ ಗುದ್ದಿಗೆ ಇದು ಹೇಗೆ ತಿಳಿದೀತು?

ಆ ಗೋಡೆಯಲ್ಲಿ ಮೊದಲೇ ಒಂದು ಮೀಟರು ಅಗಲದ ಬಾಗಿಲಿದ್ದಿತು. ಅದರ ಮೇಲೆ ಕಲ್ಲಿನ ಅಡ್ಡಚಪ್ಪಡಿ. ಅದನ್ನು ನಾಲ್ಕು ಮೀಟರಿಗೆ ಹಿಗ್ಗಿಸಿದರೆ ತೊಲೆಯ ಕಷ್ಟವು ನಾಲ್ಕು ಪಾಲು ಹೆಚ್ಚುವುದೆಂದು ತೋರಬಹುದು. ಉದ್ದಕ್ಕೂ ಸಮವಾಗಿ ಹರಡಿದ ಭಾರವು ತೊಲೆಯನ್ನು ಬಗ್ಗಿಸುವ ಭ್ರಾಮಕವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ತೊಲೆಯ ಜೋಲು ಉದ್ದದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ಅದೇ ತೊಲೆಯಾದರೆ ಬಾಗುಬಲ 16 ಪಾಲು, ಜೋಲು 256 ಪಾಲು! ಬಗ್ಗಿದ ತೊಲೆಯ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಸೆಳೆತಕ್ಕೂ ಒಳಗಾಗುತ್ತವೆ. ಕಲ್ಲು ಒತ್ತಡವನ್ನು ಬಲು ಚೆನ್ನಾಗಿ ತಡೆಯುತ್ತದೆ, ಸೆಳೆತವನ್ನು ತಡೆಯಲಾರದು. ಗ್ರೀಕರ ದೇವಾಲಯಗಳಲ್ಲಿಯೂ ನಮ್ಮ ಗುಡಿಗಳ ಮಂಟಪಗಳಲ್ಲಿಯೂ ಕಂಬಗಳು ಅಷ್ಟು ಒತ್ತಾಗಿ ನಿಂತಿರುವುದರ ಗುಟ್ಟು ಇದರಲ್ಲಿದೆ.

ಉಕ್ಕಿಗೆ ಈ ಪಕ್ಷಪಾತವಿಲ್ಲ. ಬಗ್ಗುವ ತೊಲೆಯ ನಟ್ಟನಡುವಿನ ಪದರಕ್ಕೆ ಒತ್ತಡವೂ ಇಲ್ಲ, ಸೆಳೆತವೂ ಇಲ್ಲ. ದುಡಿಮೆಯೆಲ್ಲವೂ ಮೇಲಿನ ಮತ್ತು ಕೆಳಗಿನ ಅಂಚುಗಳದು. ಹಾಗಿದ್ದಮೇಲೆ ನಡುವೆ ಲೋಹವನ್ನು ತುಂಬುವುದೇಕೆ? ಉಕ್ಕಿನ ಗರ್ಡರಿಗೆ ಇಂಗ್ಲಿಷಿನ ‘ಐ’ ಅಕ್ಷರದ ಆಕಾರವು ಬಂದುದು ಹೀಗೆಯೇ. ನಾವು ಕರೆಸಿದ ಇಂಜಿನಿಯರು 300 ಮಿಲಿಮೀಟರು ಎತ್ತರದ ಎರಡು ಗರ್ಡರುಗಳನ್ನು ಜೊತೆಜೊತೆಯಾಗಿ ಇರಿಸಲು ಹೇಳಿದರು. ತಾರಸಿಯ ಪಾಲು ಮತ್ತು ತೊಲೆಯ ಮೇಲೆ ಉಳಿಯುವ ಗೋಡೆಯ ತುಂಡು ಎರಡೂ ಸೇರಿ ಒಟ್ಟು ಎಂಟು ಟನ್ನು. ಜೋಲು ಎರಡು ಮಿಲಿಮೀಟರಿನಷ್ಟು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮೊದಲು ನಾಲ್ಕು ಮೀಟರು ಉದ್ದಕ್ಕೆ ಹರಡಿದ್ದ ಭಾರವು ಈಗ ಎರಡು ತುದಿಗಳಲ್ಲಿ ನಾಲ್ಕು ನಾಲ್ಕು ಟನ್ನಾಗಿ ಇಳಿಯುತ್ತದೆ. ಸುಣ್ಣದ ಗಾರೆಯ ಇಟ್ಟಿಗೆಗೆ ಅದು ಅತಿಯಾದುದು. ಆದ ಕಾರಣ ಗರ್ಡರಿನ ತುದಿಗಳ ಕೆಳಗೆ ಅಗಲವಾದ ಕಲ್ಲು ಹಾಸಿ ಭಾರವನ್ನು ಮತ್ತೆ ಹರಡಬೇಕು. ಕೆಲಸ ಮುಗಿಯುವ ತನಕ ಎರಡೂ ಕಡೆಯ ಜಂತೆಗಳಿಗೆ ಸಾಲಾಗಿ ಊರೆ ಕೊಟ್ಟಿರಬೇಕು. ಎರಡು ದಿವಸದ ಕೆಲಸವೆಂದುದು ಹದಿನೇಳು ದಿವಸ ಹಿಡಿಯಿತು.

ಗೋಡೆಗಳ ದಪ್ಪದ ವಿಚಾರ ಇನ್ನೂ ಸ್ವಾರಸ್ಯವಾದುದು. ಒಂದೂವರೆ ಅಡಿಯ ಹೊರಗೋಡೆಯನ್ನು ಕಂಡವರು ಜಾಗವು ದಂಡವಾಯಿತೆನ್ನುತ್ತಾರೆ. ಬಿಸಿಲಿನ ತಾಪವು ಹಗಲು ಏರಿ ಇರುಳು ಇಳಿಯುವ ಒಂದು ಅಲೆ. ಅದು ಇಟ್ಟಿಗೆಯೊಳಗೆ ಸಾಗುವಾಗ ಎರಡು ಸಂಗತಿಗಳು ನಡೆಯುತ್ತವೆ: ಅಲೆಯು ಕುಗ್ಗುತ್ತದೆ, ತಡವೂ ಆಗುತ್ತದೆ. ಇಟ್ಟಿಗೆಯಲ್ಲಿ ಪ್ರತಿ 12 ಸೆಂಟಿಮೀಟರಿಗೆ ಏರಿಳಿತವು ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚಿನಷ್ಟಕ್ಕೆ ಇಳಿಯುವುದೆಂದೂ, ತಾಪವು ಸುಮಾರು ನಾಲ್ಕು ಗಂಟೆ ತಡವಾಗುವುದೆಂದೂ ಲೆಕ್ಕ ಮಾಡಬಹುದು. ಒಂಬತ್ತು ಇಂಚಿನ ಗೋಡೆಯಾದರೆ ಮಧ್ಯಾಹ್ನ ಎರಡು ಗಂಟೆಯ ಬಿಸಿಯು ಒಳಮುಖವನ್ನು ಮುಟ್ಟುವುದು ರಾತ್ರಿ ಒಂಬತ್ತರ ವೇಳೆಗೆ, ಸರಿಯಾಗಿ ಮಲಗುವ ಹೊತ್ತಿಗೆ! ಒಂದೂವರೆ ಅಡಿಯ ಗೋಡೆಯಲ್ಲಿಯಾದರೋ ಹೊರಗಿನ ಏರಿಳಿತದ ಐವತ್ತರಲ್ಲೊಂದು ಪಾಲು ಮಾತ್ರ ಒಳಕ್ಕೆ ತಲುಪುತ್ತದೆ. ಪಡುವಣ ಗೋಡೆಯನ್ನು ಕೆತ್ತಿ ತೆಳ್ಳಗೆ ಮಾಡಿ ಕಪಾಟು ಕೂರಿಸುವ ಯೋಚನೆಯನ್ನು ಈ ಲೆಕ್ಕವಾದ ಮೇಲೆ ನಾವು ಬಿಟ್ಟೆವು.

ಇದಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು ಎತ್ತರದ ಕೋಣೆಗೆ ಕೃತಕ ಮಾಳಿಗೆಯನ್ನು ಕಟ್ಟುವುದು. ಸೂರಿನ ಬಳಿಯ ಗವಾಕ್ಷಿಗಳು ಅದರ ಮರೆಗೆ ಸೇರಿ ನಿರುಪಯೋಗವಾಗುತ್ತವೆ. ಕೋಣೆಯ ಗಾಳಿಯು ಹೊರಗಿನದಕ್ಕಿಂತ ಮೂರೇ ಡಿಗ್ರಿ ಬೆಚ್ಚಗಿರಲಿ. ಕಿಟಕಿಗೂ ಗವಾಕ್ಷಿಗೂ ಮೂರು ಮೀಟರು ಅಂತರವಿರಲಿ. ಹಗುರವಾದ ಬಿಸಿಗಾಳಿ ಮೇಲಿನಿಂದ ಹೊರಟು, ತಂಪುಗಾಳಿ ಕೆಳಗಿನಿಂದ ಬರುತ್ತದೆ. ಇದನ್ನು ನಡೆಸುವ ಒತ್ತಡವು ವಾಯುಮಂಡಲದ ಒತ್ತಡದ ಮೂರು ಲಕ್ಷದಲ್ಲೊಂದು ಪಾಲು! ಆದರೂ ಸಾಧಾರಣ ಗಾತ್ರದ ಗವಾಕ್ಷಿಯಿದ್ದರೆ ಅರ್ಧ ಗಂಟೆಯಷ್ಟರಲ್ಲಿ ಕೋಣೆಯ ಗಾಳಿಯೆಲ್ಲ ಬದಲಾಗಬಲ್ಲುದು. ವಿದ್ಯುತ್ತಿನ ಖರ್ಚಿಲ್ಲ, ಸದ್ದೂ ಇಲ್ಲ. ನಮ್ಮ ಹಾಲಿನ ಹಲಗೆಗಳನ್ನು ಪೂರ್ತಿ ತೆಗೆಸಿ, ಎರಡು ತಲೆಮಾರಿನಿಂದ ಮುಚ್ಚಿದ್ದ ಗವಾಕ್ಷಿಗಳನ್ನು ಬಿಡಿಸಿದೆವು. ಗುಬ್ಬಿಗೂಡುಗಳೇ ಒಂದು ಮಂಕರಿಯಷ್ಟು ದೊರೆತವು.

ತೇವದ ಮಾತನ್ನೂ ಹೇಳಬೇಕು. ಹಳೆಯ ಗೋಡೆಗಳ ತಳದಲ್ಲಿ ನೀರನ್ನು ತಡೆಯುವ ಪದರವಿರುವುದು ಅಪೂರ್ವ. ಇಟ್ಟಿಗೆಯ ರಂಧ್ರಗಳು ಬತ್ತಿಯಂತೆ ನೆಲದ ನೀರನ್ನು ಹೀರುತ್ತವೆ. ರಂಧ್ರದ ತ್ರಿಜ್ಯವು ಮಿಲಿಮೀಟರಿನ ನೂರರಲ್ಲೊಂದು ಪಾಲಾದರೆ ನೀರು ಒಂದೂವರೆ ಮೀಟರು ಏರಬಲ್ಲುದೆಂದು ಕೇಶಾಕರ್ಷಣದ ಸೂತ್ರವು ತಿಳಿಸುತ್ತದೆ. ಸುಣ್ಣದ ಗಿಲಾವು ಆ ನೀರನ್ನು ಆವಿಯಾಗಿ ಹೊರಕ್ಕೆ ಬಿಡುವುದರಿಂದ ತೇವವು ಬುಡದಲ್ಲಿಯೇ ನಿಲ್ಲುತ್ತಿತ್ತು. ಬುಡ ಅಸಹ್ಯವಾಗಿದೆಯೆಂದು ಅದರ ಮೇಲೆ ಸಿಮೆಂಟು ಬಳಿದರೆ ಆವಿಗೆ ದಾರಿಯಿಲ್ಲದೆ ನೀರು ಇನ್ನೂ ಮೇಲಕ್ಕೇರಿ, ಅಲ್ಲಿ ಉಪ್ಪು ಹರಳುಗಟ್ಟಿ, ಗಿಲಾವನ್ನು ಸಿಪ್ಪೆ ಸಿಪ್ಪೆಯಾಗಿ ಉದುರಿಸುತ್ತದೆ. ಹೊಸ ಬಚ್ಚಲಿನ ಒಳಮುಖಕ್ಕೆ ಮಾತ್ರ ಸಿಮೆಂಟು ಅನಿವಾರ್ಯವಾಯಿತು. ಉಳಿದೆಡೆಗಳಲ್ಲಿ ಮೇಸ್ತ್ರಿಗಳು ಸುಣ್ಣವನ್ನೇ ಅರೆದು ಬಳಿದರು.

ಕೆಲಸವಾದ ಮೇಲೆ ಹಳೆಯ ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಎರಡು ತುದಿಗಳಲ್ಲಿಯೂ ಗಾರೆಯಿಂದ ಅಂಟಿಸಿ, ದಿನಾಂಕ ಬರೆದಿಟ್ಟೆವು. ಗೋಡೆಯು ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಒಟ್ಟು ಆರು ಪಟ್ಟಿಗಳು. ಗರ್ಡರಿನ ಆಸುಪಾಸಿನ ನಾಲ್ಕು ಒಂದು ಮಳೆಗಾಲವನ್ನು ಕಳೆದು ಇನ್ನೂ ಹಾಗೆಯೇ ಇವೆ. ಬಚ್ಚಲಿನ ಮೂಲೆಯದೊಂದು ಎರಡನೆಯ ತಿಂಗಳಲ್ಲಿಯೇ ಒಡೆಯಿತು. ನೆಲವನ್ನು ಅಗೆದು ನೋಡಿದರೆ ಹೊಸ ಕೊಳವೆಯ ಸಂದಿನಿಂದ ನೀರು ಸೋರಿ ತಳಪಾಯದ ಮಣ್ಣು ಮೆತ್ತಗಾಗಿದ್ದಿತು. ಸಂದನ್ನು ಬಿಗಿಗೊಳಿಸಿ ಬೇರೆ ಗಾಜನ್ನು ಅಂಟಿಸಿದ್ದೇವೆ. ಬೆಳಗಿನ ಕಾಫಿಗೆ ಮುಂಚೆ ಅದನ್ನು ನೋಡಿ ಬರುವುದನ್ನು ತಾಯಿಯವರು ತಮ್ಮ ಕೆಲಸವನ್ನಾಗಿ ಮಾಡಿಕೊಂಡಿದ್ದಾರೆ.