ನ್ಯಾಯಸ್ಥಾನದ ಕೆಲವು ಶಬ್ದಗಳು

ನಮ್ಮ ನ್ಯಾಯಸ್ಥಾನಗಳಲ್ಲಿ ನಿತ್ಯವೂ ಕೇಳಿಬರುವ ಶಬ್ದಗಳೆಲ್ಲವೂ ಒಂದೇ ಮನೆಯಲ್ಲಿ ಹುಟ್ಟಿದವುಗಳಲ್ಲ. ನ್ಯಾಯ, ಸಾಕ್ಷಿ, ವಾದಿ, ಪ್ರತಿವಾದಿ ಮೊದಲಾದವು ಸಂಸ್ಕೃತದವು. ವಕೀಲ, ಜಾಮೀನು, ಜಪ್ತಿ, ಫಿರ್ಯಾದಿ ಎಂಬಿವು ಅರಬ್ಬೀ, ಪಾರಸೀ ಭಾಷೆಗಳಿಂದ ಹಿಂದಿನ ಅರಸೊತ್ತಿಗೆಗಳ ಕಚೇರಿಗಳ ಮೂಲಕ ಬಂದು ಕನ್ನಡದ ವಿಭಕ್ತಿಗಳನ್ನು ತೊಟ್ಟು ನಮ್ಮವೇ ಆಗಿಬಿಟ್ಟಿವೆ. ಕೋರ್ಟು, ವಾರಂಟುಗಳ ಮೂಲವನ್ನು ಹೇಳಬೇಕಾಗಿಲ್ಲ. ‘ಕಾನೂನು’ ಎಂಬುದರ ಪಯಣ ಮಾತ್ರ ಬಲು ದೀರ್ಘವಾದುದು. ಗ್ರೀಕರ ‘ಕನೋನ್’, ಎಂದರೆ ಅಳತೆಗೋಲು, ಅರಬ್ಬರಲ್ಲಿ ‘ಕಾನೂನ್’ ಆಗಿ ಇಲ್ಲಿಗೆ ಬಂದಿತು.

‘ನ್ಯಾಯ’ ಶಬ್ದವನ್ನು ಪಾಣಿನಿಯು ‘ನಿ’ ಉಪಸರ್ಗಪೂರ್ವಕವಾದ ‘ಇಣ್’ ಧಾತುವಿನಿಂದ ‘ಅಭ್ರೇಷ’ವೆಂಬ ಅರ್ಥದಲ್ಲಿ ಸಾಧಿಸುತ್ತಾನೆ. ಉಚಿತವಾದುದರಿಂದ ಜಾರದಿರುವ ನಡೆಯೇ ನ್ಯಾಯ. ‘ವ್ಯವಹಾರ’ವನ್ನು ನಾವಿಂದು ಅಂಗಡಿಯ ಕೊಡುಕೊಳೆಗೆ ಬಳಸುತ್ತೇವೆ, ಧರ್ಮಶಾಸ್ತ್ರದಲ್ಲಿ ಅದು ಮೊಕದ್ದಮೆಯ ಹೆಸರು. ‘ವಿ’ ಎಂದರೆ ನಾನಾ, ‘ಅವ’ ಎಂದರೆ ಸಂದೇಹ, ‘ಹಾರ’ ಎಂದರೆ ಕಳೆಯುವಿಕೆ ಎಂದು ಕಾತ್ಯಾಯನನು ಇದನ್ನು ಬಿಡಿಸಿದ್ದಾನೆ. ವೈಯಾಕರಣರು ಇದಕ್ಕೆ ತಲೆದೂಗಲಾರರು. ಆದರೂ ಮೊಕದ್ದಮೆಯ ಪ್ರಯೋಜನವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಇನ್ನು ಸಾಕ್ಷಿ ಮತ್ತು ಜಾಮೀನು. ಸಾಲಪತ್ರದ ಕೆಳಗೆ ಸ್ನೇಹಿತನಿಗಾಗಿ ‘ಒಂದು ರುಜು’ ಹಾಕುವ ಅನೇಕರು ಇವೆರಡರ ಭೇದವನ್ನರಿಯದೆ ಕೆಟ್ಟಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಸಾಕ್ಷಾತ್’ ಎಂಬುದಕ್ಕೆ ‘ಇನಿ’ ಪ್ರತ್ಯಯ ಸೇರಿ ‘ಸಾಕ್ಷಿ’ಯಾಗಿದೆ, ತಾನೇ ನೇರವಾಗಿ ನೋಡಿದವನು ಎಂದರ್ಥ. ಪತ್ರಕ್ಕೆ ಸಾಕ್ಷಿಯಾದವನು ಬರೆದುಕೊಟ್ಟವನ ರುಜುವನ್ನು ಕಂಡವನು, ಅಷ್ಟೆ, ಸಾಲ ಅವನದಲ್ಲ. ‘ಜಾಮೀನು’ ಅರಬ್ಬೀಯ ‘ದಾಮಿನ್’, ಪಾರಸಿಗರ ಉಚ್ಚಾರದಲ್ಲಿ ‘ಜಾಮಿನ್’. ಹೊಣೆ ಹೊತ್ತವನು ಎಂದು ಅದರ ಅರ್ಥ. ನೆಲವೆಂಬರ್ಥದ ಪಾರಸೀ ‘ಜಮೀನಿ’ಗೂ ಇದಕ್ಕೂ ಯಾವ ನಂಟೂ ಇಲ್ಲ. ನಮ್ಮ ಅಚ್ಚಗನ್ನಡದ ‘ಹೊಣೆ’ ಇದೇ ಅರ್ಥವನ್ನು ಎಷ್ಟೋ ಸ್ಪಷ್ಟವಾಗಿ ಹೇಳುತ್ತಿತ್ತು. ಅದನ್ನು ಕಚೇರಿಯಿಂದ ಹೊರಗಿಟ್ಟುದು ನಷ್ಟವೆಂದೇ ನನ್ನ ಭಾವನೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಬಗೆಯಾಗಿ ಹೇಳಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು.

ಸ್ಮೃತಿಕಾರರು ಜಾಮೀನುದಾರನನ್ನು ‘ಪ್ರತಿಭೂ’ ಎಂದರು. ಇನ್ನೊಬ್ಬನಿಗೆ ಪ್ರತಿಯಾಗಿ ಇರುವವನು. ಯಾಜ್ಞವಲ್ಕ್ಯನು ಇದರಲ್ಲಿ ಮೂರು ಬಗೆಗಳನ್ನು ಹೇಳುತ್ತಾನೆ. ಕರೆದಾಗ ಆ ಮನುಷ್ಯನನ್ನು ತಂದು ತೋರಿಸುವ ಹೊಣೆ ‘ದರ್ಶನ’. ಅವನು ನಂಬತಕ್ಕವನೆಂಬ ಹೊಣೆ ‘ಪ್ರತ್ಯಯ’. ಅವನು ಕೊಡದಿದ್ದರೆ ತಾನೇ ಕೊಡುವ ಹೊಣೆ ‘ದಾನ’. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಇಂದು ಆರೋಪಿಯನ್ನು ‘ಜಾಮೀನಿನ ಮೇಲೆ’ ಬಿಡಿಸುವವನು ದರ್ಶನಪ್ರತಿಭೂ. ಬ್ಯಾಂಕಿನ ಸಾಲಕ್ಕೆ ರುಜು ಹಾಕುವವನು ದಾನಪ್ರತಿಭೂ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿರುವುದೇ ತೊಡಕು. ಮೊದಲಿನ ಇಬ್ಬರು ತೀರಿಕೊಂಡರೆ ಅವರ ಮಕ್ಕಳು ಕೊಡಬೇಕಾಗಿಲ್ಲ, ದಾನಪ್ರತಿಭೂವಿನ ಮಕ್ಕಳು ಕೊಡಬೇಕು ಎಂದು ಸ್ಮೃತಿ ವಿಧಿಸಿತು. ಈಗಿನ ಕಾನೂನಿನಲ್ಲಿಯೂ ಅಂಥವನ ಹೊಣೆ ವಾರಸುದಾರರಿಗೆ ತಗಲುವುದುಂಟು. ಆದರೆ ಅವನಿಂದ ಅವರಿಗೆ ಬಂದ ಆಸ್ತಿಯಷ್ಟರ ಮಟ್ಟಿಗೆ ಮಾತ್ರ.