ಮನೆಯ ಸಮಾರಂಭಕ್ಕೆ ಯಾವ ಹಾಡು?

ಅಜ್ಜನ ಷಷ್ಟ್ಯಬ್ದಿಯಲ್ಲಿ ಹಾಡಲು ನಿಮ್ಮ ಪುಟ್ಟ ತಂಡ ಸಿದ್ಧವಾಗುತ್ತಿದೆ ಎನ್ನೋಣ. ಒಬ್ಬ ಗಾಯಕ, ಗಿಟಾರ್, ಕೀಬೋರ್ಡ್, ತಬಲಾ. ಹಾಡುಗಳನ್ನು ಆರಿಸುವುದು ಹೇಗೆ?

ಮೊದಲು ಗಾಯಕನ ಕಂಠವನ್ನು ಗಮನಿಸಿ. ಪಲ್ಲವಿ ಸುಲಭವೆಂದು ಹಾಡನ್ನು ಒಪ್ಪಿಕೊಳ್ಳಬೇಡಿ. ಎತ್ತರದ ಸ್ವರಗಳು ಹೆಚ್ಚಾಗಿ ಚರಣದಲ್ಲಿ ಬರುತ್ತವೆ. ಅವು ಎಟುಕದಿದ್ದರೆ ಶ್ರುತಿ ಇಳಿಸಿ. ಧ್ವನಿಮುದ್ರಿಕೆಯ ಶ್ರುತಿ ಮೂಲ ಗಾಯಕರಿಗೆ ಹೊಂದಿಸಿದ್ದು, ನಿಮಗಲ್ಲ. ಇದರಲ್ಲಿ ಅವಮಾನವಿಲ್ಲ. ಹದಿಹರೆಯದಲ್ಲಿ ಹುಡುಗರ ದನಿ ಒಡೆಯುವುದು ಸಹಜ. ಆದರೆ ನೆಂಟರ ಮುಂದೆ ಒಮ್ಮೆ ದನಿ ಕೈಕೊಟ್ಟರೆ ಹಾಡುವುದನ್ನೇ ಬಿಟ್ಟುಬಿಡುವವರೂ ಉಂಟು.

ಕೀಬೋರ್ಡಿನ ಶ್ರುತಿಯನ್ನು ಕ್ಷಣದಲ್ಲಿ ಬದಲಿಸಬಹುದು, ತಬಲಾದ್ದು ಹಾಗಲ್ಲ. ಆದ್ದರಿಂದ ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇಡಿ.

ಹಾಡನ್ನು ಒಂದೇ ಗಿಟಾರಿನೊಡನೆ ಹಾಡಿ ನೋಡಿ. ಪಿಟೀಲುಗಳ ಮೇಳವಿಲ್ಲದೆಯೂ ರುಚಿಸಿದರೆ ಆರಿಸಿಕೊಳ್ಳಿ.

ಕೊನೆಯದಾಗಿ, ಕೇಳುಗರು. ಅಜ್ಜಿಗೆ 1972ರ ‘ಬಂಗಾರದ ಮನುಷ್ಯ’, ಅತ್ತೆಗೆ 1981ರ ‘ಗೀತಾ’, ಅಕ್ಕನಿಗೆ 2006ರ ‘ಮುಂಗಾರು ಮಳೆ’ ಚಿತ್ರಗೀತೆಗಳು ಹಿಡಿಸಬಹುದು. ಸಾಹಿತ್ಯದ ಅರ್ಥವನ್ನೂ ನೋಡಿ. ಶುಭ ಸಮಾರಂಭಕ್ಕೆ ವಿರಹಗೀತೆ ಒಪ್ಪದು.

ಐದಾರು ಹಾಡುಗಳು ಸಾಕು. ಅಜ್ಜಿಯೂ ದನಿಗೂಡಿಸಿದರೆ ನಿಮ್ಮ ಆಯ್ಕೆ ಗೆದ್ದಂತೆ.